ಚೀನಾದ ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಓದನ್ನು ಅಳೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ಚೀನಾದ ಪ್ರಶ್ನೆಪತ್ರಿಕೆಗಳಿಂದ ಓದಿನ ಭಾಗಗಳನ್ನು ತೆಗೆದು ತರಗತಿಯಲ್ಲಿ ಕೊಡುತ್ತಿದ್ದೇನೆ. ಮಕ್ಕಳು, ಅವರ ಅಪ್ಪ ಅಮ್ಮ, ಸ್ಟಾಫ್ ರೂಮಿನ ಗೆಳೆಯರು ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಯಾವ ಪರೀಕ್ಷೆಯ ಬಗ್ಗೆ ಹೇಳ್ತಿದ್ದೀರಿ?

ಗಾವೊಕಾವೊ. ಚೀನಾದಲ್ಲಿ ಕಾಲೇಜು ಸೇರಲು ಹೈಸ್ಕೂಲಿನ ಕೊನೆಗೆ ಬರೆಯುವ ಪರೀಕ್ಷೆ. ಅಲ್ಲಿ ಹೈಸ್ಕೂಲು ಅಂದರೆ ನಮ್ಮ ಹತ್ತು, ಹನ್ನೊಂದು, ಹನ್ನೆರಡನೇ ತರಗತಿ. 2003ರಿಂದ, ಕೋವಿಡ್ ಬಂದ 2020 ಒಂದನ್ನು ಬಿಟ್ಟು, ಪ್ರತಿವರ್ಷ ಜೂನ್ 7ಕ್ಕೆ ಶುರುವಾಗುತ್ತದೆ. ಅದಕ್ಕೂ ಮೊದಲು ಜುಲೈ ಸೆಕೆಯಲ್ಲಿ ಬರೆಯಬೇಕಿತ್ತು. ಇಂಗ್ಲಿಷ್ ಇರೋದು ಜೂನ್ 8ರ ಮಧ್ಯಾಹ್ನ 3ರಿಂದ 5ರವರೆಗೆ. 2024ರಲ್ಲಿ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ. ನಮ್ಮ ದ್ವಿತೀಯ ಪಿಯು ಬರೆಯೋರು ಸುಮಾರು 7 ಲಕ್ಷ ಅಂತ ಇಟ್ಟುಕೊಂಡರೆ ಅಳತೆ ಗೊತ್ತಾಗುತ್ತದೆ.

ಈ ಸಂಖ್ಯೆ ತಲೆಯಲ್ಲಿರಲಿ. ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ.

ಓದಿಗೆ ಎಷ್ಟು ಅಂಕ?

ಇಂಗ್ಲಿಷಿಗೆ ಒಟ್ಟು 150. ಶಾನ್‌ಡಾಂಗ್, ಹುನಾನ್, ಜಿಯಾಂಗ್ಸು ಮುಂತಾದ ಪ್ರಾಂತ್ಯಗಳಲ್ಲಿ ನಡೆಯುವ ಹೊಸ ಮಾದರಿಯ ಪತ್ರಿಕೆಯಲ್ಲಿ ಕೇಳಿಸಿಕೊಂಡು ಉತ್ತರಿಸೋದಕ್ಕೆ 30, ಓದಿಗೆ 50, ಬಿಟ್ಟ ಜಾಗ ತುಂಬೋದಕ್ಕೆ 30, ಬರವಣಿಗೆಗೆ 40.

ಓದಿನ 50ರಲ್ಲಿ ಎರಡು ಭಾಗ. ಮೊದಲು ನಾಲ್ಕು ಗದ್ಯಭಾಗ, 15 ಪ್ರಶ್ನೆ, ಒಂದೊಂದಕ್ಕೆ ಎರಡೂವರೆ ಅಂಕ. ಆಮೇಲೆ ‘ಏಳರಲ್ಲಿ ಐದು’ ಅನ್ನುವ ಒಂದು ಆಟ, 5 ಪ್ರಶ್ನೆ, ಅದಕ್ಕೂ ಎರಡೂವರೆ. ಅಂದರೆ ಉತ್ತರದ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ತುಂಬುವ ಗೋಲಿ ಒಂದು ತಪ್ಪಾದರೆ ಎರಡೂವರೆ ಅಂಕ ಕೈಬಿಡುತ್ತದೆ. ‘ಒಂದು ಅಂಕ ಏರಿದರೆ ಸಾವಿರ ಜನರನ್ನು ಹಿಂದೆ ಹಾಕಬಹುದು’ ಅಂತ ಅಲ್ಲಿನ ತರಗತಿಗಳಲ್ಲಿ ಬ್ಯಾನರ್ ಕಟ್ಟಿರುತ್ತಾರೆ. ಹಾಗೆ ನೋಡಿದರೆ ಎರಡೂವರೆ ಅಂಕ ಸಣ್ಣದಲ್ಲ.

ಎಂಥ ಗದ್ಯ ಕೊಡುತ್ತಾರೆ? ಚೀನಾ ಬಗ್ಗೆನೇ ಇರುತ್ತಾ?

ಇರಬಹುದು, ಇರಲೇಬೇಕು ಅಂತಿಲ್ಲ. ಹೆಚ್ಚಿನವು ಇಂಗ್ಲಿಷ್ ಪತ್ರಿಕೆ, ಪುಸ್ತಕಗಳಿಂದ ತೆಗೆದು ಕತ್ತರಿಸಿ ಹದ ಮಾಡಿದವು. ಎ, ಬಿ, ಸಿ, ಡಿ ಅಂತ ನಾಲ್ಕು. ಮುಂದೆ ಹೋದಷ್ಟೂ ಕಷ್ಟ.

ಎ ಸಾಮಾನ್ಯವಾಗಿ ನಿತ್ಯದ ಕಾಗದ ಪತ್ರ: ಜಾಹೀರಾತು, ಸೂಚನೆ, ವೇಳಾಪಟ್ಟಿ. 2023ರ ಹೊಸ ಮಾದರಿಯ 1ನೇ ನಂಬರಿನ ಪತ್ರಿಕೆಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಾಡಿಗೆ ಸೈಕಲ್ ತೆಗೆದುಕೊಳ್ಳೋದರ ಬಗ್ಗೆ ಇತ್ತು. 2022ರಲ್ಲಿ ಒಂದು ಸಾಹಿತ್ಯ ಕೋರ್ಸಿನ ಅಂಕ ನೀಡುವ ನಿಯಮ. ಬಿ ಹೆಚ್ಚಾಗಿ ಒಬ್ಬ ಮನುಷ್ಯನ ಕತೆ. ಸಿ ಮತ್ತು ಡಿ ಬಂದಾಗ ವಿಜ್ಞಾನ, ಸಮಾಜ, ವಾದ. 2023ರ ಡಿ ಗದ್ಯ 1907ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಗಾಲ್ಟನ್ ಪ್ರಕಟಿಸಿದ ಬರಹದಿಂದ ಶುರುವಾಗುತ್ತದೆ. ಜಾತ್ರೆಯಲ್ಲಿ ಎತ್ತಿನ ತೂಕ ಎಷ್ಟು ಅಂತ ನೂರಾರು ಜನ ಊಹಿಸಿದರು. ಎಲ್ಲರ ಊಹೆಯ ಸರಾಸರಿ ನೋಡಿದರೆ ನಿಜವಾದ ತೂಕಕ್ಕೆ ಹತ್ತಿರ ಬಂತು. 2022ರ ಡಿ ಇನ್ನೂ ಮಜಾ. ಬೇಸಾಯ ಬಂದು ಮೆತ್ತಗಿನ ಊಟ ಸಿಕ್ಕಿದ ಮೇಲೆ ಮನುಷ್ಯರ ಹಲ್ಲಿನ ಸಾಲು ಬದಲಾಗಿ ತುಟಿ ಹಲ್ಲು ಸೇರಿಸಿ ಹೇಳುವ ‘ಫ಼’ಯಂಥ ಸದ್ದುಗಳು ಬಂದವು ಅನ್ನುವ ಸಂಶೋಧನೆ. ಕೆಳಗೆ ಎರಡು ಚುಕ್ಕಿ ಇಟ್ಟು ಆ ಸದ್ದನ್ನು ಬರೆಯುವ ನಮಗೆ ಇದು ಸ್ವಲ್ಪ ಹೆಚ್ಚೇ ಮಜಾ ಕೊಡುತ್ತದೆ.

ನನಗೆ ಬಹಳ ಇಷ್ಟ ಆಗಿದ್ದು 2024ರ ಸಿ ಗದ್ಯ. ಕಾಗದದ ಮೇಲೆ ಓದಿದರೂ ಪರದೆಯ ಮೇಲೆ ಓದಿದರೂ ಅರ್ಥ ಆಗೋದು ಒಂದೇನಾ ಅನ್ನೋದು ವಿಷಯ. ಅಂದರೆ ಓದಿ ಅರ್ಥ ಮಾಡಿಕೊಳ್ಳೋದರ ಬಗ್ಗೆಯೇ ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆ! ಅದರಲ್ಲಿ ಒಂದು ಮಾತು ಬರುತ್ತದೆ: ಮುಖ್ಯ ವಿಷಯ ಹುಡುಕುವಂಥ ಸುಲಭದ ಕೆಲಸ ಬಿಟ್ಟು, ಬರೆಯದೇ ಇದ್ದದ್ದನ್ನು ಊಹಿಸುವ ಕೆಲಸ ಕೊಟ್ಟಾಗ ಕಾಗದದ ಲಾಭ ಎದ್ದು ಕಾಣುತ್ತದೆ ಅಂತ. ‘ಎದ್ದು ಕಾಣುತ್ತದೆ’ ಅನ್ನುವ ಅರ್ಥದಲ್ಲಿ ಅಲ್ಲಿದ್ದ ‘ಶೈನ್ ಥ್ರೂ’ ಪದಕ್ಕೇ ಅಡಿಗೆರೆ ಹಾಕಿ ಅರ್ಥ ಕೇಳಿದ್ದರು. ಮುಖ್ಯ ವಿಷಯ ಹುಡುಕಿಸುವ ಪ್ರಶ್ನೆಗಳನ್ನು ವರ್ಷಾನುಗಟ್ಟಲೆ ಬಿಡಿಸಿ ಬಂದ ಮಕ್ಕಳಿಗೆ ‘ಅದು ಸುಲಭದ ಕೆಲಸ’ ಅಂತ ಪರೀಕ್ಷೆಯೇ ಹೇಳಿದ ಹಾಗಾಯಿತು.

ಪ್ರಶ್ನೆಗಳಲ್ಲಿ ಎಷ್ಟು ಬಗೆ?

ನಾಲ್ಕೈದು. ವಿವರ ಹುಡುಕು. ಬರೆಯದ್ದನ್ನು ಊಹಿಸು. ಅಡಿಗೆರೆ ಹಾಕಿದ ಪದದ ಅರ್ಥ ಹೇಳು. ಲೇಖಕರ ಧೋರಣೆ ಏನು. ಯಾವ ತಲೆಬರಹ ಸರಿಹೊಂದುತ್ತದೆ. ಪಟ್ಟಿ ಇಷ್ಟೇ. ಆದರೆ ಪಟ್ಟಿ ಗೊತ್ತಾದರೆ ಪರೀಕ್ಷೆ ಗೊತ್ತಾದ ಹಾಗಲ್ಲ. ನಿಜವಾದ ಆಟ ಇರೋದು ತಪ್ಪು ಆಯ್ಕೆಗಳಲ್ಲಿ. ಆ ಅಚ್ಚಿನಲ್ಲೇ ನಾನು ಒಂದು ಪುಟ್ಟ ನಮೂನೆ ಕನ್ನಡದಲ್ಲಿ ಬರೆದಿದ್ದೇನೆ, ನೋಡಿ.

ಊರಿನ ಗ್ರಂಥಾಲಯವನ್ನು ಬಸ್ ನಿಲ್ದಾಣದ ಪಕ್ಕಕ್ಕೆ ತಂದಾಗ ‘ಇನ್ನು ಯಾರೂ ಬರಲ್ಲ’ ಎಂದು ಹಲವರು ಹೇಳಿದರು. ಗದ್ದಲ, ಹೊಗೆ, ಧೂಳು. ಮೊದಲ ತಿಂಗಳು ಹಾಗೇ ಆಯಿತು. ಆಮೇಲೆ ಬಸ್ಸಿಗೆ ಕಾಯುವ ಮಕ್ಕಳು ಒಳಗೆ ಬರತೊಡಗಿದರು. ಕತೆಪುಸ್ತಕ ತೆಗೆದು ಒಬ್ಬರಿಗೊಬ್ಬರು ಜೋರಾಗಿ ಓದಿ ಹೇಳಿದರು. ವರ್ಷ ಮುಗಿಯುವಷ್ಟರಲ್ಲಿ ಗ್ರಂಥಪಾಲಕಿ ಗೋಡೆಯ ಮೇಲಿದ್ದ ‘ನಿಶ್ಶಬ್ದ’ ಬೋರ್ಡನ್ನು ತೆಗೆದು ಅಲ್ಲಿ ಮಕ್ಕಳ ಪುಸ್ತಕದ ಕಪಾಟು ಇಟ್ಟರು.

ಪ್ರಶ್ನೆ: ಗ್ರಂಥಪಾಲಕಿಯ ಬಗ್ಗೆ ಏನು ಹೇಳಬಹುದು?

ಎ) ಗ್ರಂಥಾಲಯ ಜಾಗ ಬದಲಿಸಿದ್ದು ಅವರಿಗೆ ಇಷ್ಟವಿರಲಿಲ್ಲ.
ಬಿ) ನಿಲ್ದಾಣದ ಗದ್ದಲದಿಂದ ಅವರು ಬೇಸತ್ತರು.
ಸಿ) ಬಂದವರಿಗೆ ತಕ್ಕಂತೆ ಅವರು ಬದಲಾದರು.
ಡಿ) ಮಕ್ಕಳಲ್ಲಿ ಓದುವ ಹವ್ಯಾಸ ಬೆಳೆಸುವುದು ಪ್ರತಿಯೊಂದು ಗ್ರಂಥಾಲಯದ ಮೊದಲ ಕರ್ತವ್ಯ ಎಂದು ಅವರು ನಂಬಿದ್ದರು.

ಎ ನೋಡಿ. ವಿರೋಧ ಗದ್ಯದಲ್ಲಿದೆ, ಆದರೆ ಅದು ‘ಹಲವರ’ ಮಾತು, ಗ್ರಂಥಪಾಲಕಿಯದ್ದಲ್ಲ. ಒಬ್ಬರ ಟೋಪಿ ಇನ್ನೊಬ್ಬರ ತಲೆಗೆ. ಬಿ ಆಯ್ಕೆಯಲ್ಲಿ ‘ಗದ್ದಲ’ ಅನ್ನುವ ಪದ ಗದ್ಯದಿಂದ ಎತ್ತಿಕೊಂಡಿದ್ದು. ಅರ್ಧಂಬರ್ಧ ಓದಿದವರು ಗುರುತಿನ ಪದ ಕಂಡ ಕೂಡಲೇ ಇಲ್ಲಿಗೆ ಬೀಳುತ್ತಾರೆ. ಡಿ ಬಹಳ ಒಳ್ಳೆಯ ಮಾತು. ಭಾಷಣದಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಗದ್ಯದಲ್ಲಿ ಇಲ್ಲವೇ ಇಲ್ಲ. ‘ಪ್ರತಿಯೊಂದು’, ‘ಮೊದಲ ಕರ್ತವ್ಯ’ ಇವೆಲ್ಲ ಪ್ರಶ್ನೆ ಬರೆದವರು ಸೇರಿಸಿದ್ದು. ಸಿ ಸರಿ. ಅದರಲ್ಲಿ ಬೋರ್ಡು, ಕಪಾಟು, ಮಕ್ಕಳು, ಬಸ್ಸು ಏನೂ ಇಲ್ಲ. ಗದ್ಯದ ಪದ ಒಂದೂ ಇಲ್ಲದ ಉತ್ತರವೇ ಸರಿ ಉತ್ತರ ಆಗಿರೋದು ಈ ಪರೀಕ್ಷೆಯ ಹಳೆಯ ಚಾಳಿ.

ನನ್ನ ತರಗತಿಯಲ್ಲಿ ಇದನ್ನು ಕೊಟ್ಟಾಗ ಡಿ ಬರೆದ ಹುಡುಗಿಯೊಬ್ಬಳು ‘ಆದ್ರೆ ಮೇಡಂ, ಅದು ನಿಜ ಅಲ್ವಾ?’ ಅಂದಳು. ನಿಜವೇ. ಕೇಳಿದ್ದು ಅದನ್ನಲ್ಲ. ‘ನಿನಗೆ ಏನನ್ನಿಸುತ್ತೆ’ ಮತ್ತು ‘ಇಲ್ಲಿ ಏನು ಬರೆದಿದೆ’ ಇವೆರಡನ್ನು ಬೇರೆ ಮಾಡಿ ನೋಡಲು ಕಲಿಸುವ ಮಟ್ಟಿಗೆ ಈ ಬಗೆಯ ಪ್ರಶ್ನೆಯನ್ನು ನಾನು ಮೆಚ್ಚುತ್ತೇನೆ.

‘ಮೂರು ಗಿಡ್ಡ, ಒಂದು ಉದ್ದ ಇದ್ದರೆ ಉದ್ದದ್ದನ್ನು ಆರಿಸು’ ಅಂತ ಒಂದು ಸೂತ್ರ ಇದೆಯಂತೆ?

ಇದೆ. ಚೀನೀ ಮಕ್ಕಳ ಬಾಯಲ್ಲಿ ಪ್ರಾಸಬದ್ಧವಾಗಿ ಓಡಾಡುವ ಪದ್ಯ. ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದು, ಮೂರು ಗಿಡ್ಡ ಒಂದು ಉದ್ದ ಇದ್ದರೆ ಉದ್ದದ್ದು, ಎರಡು ಉದ್ದ ಎರಡು ಗಿಡ್ಡ ಇದ್ದರೆ ಬಿ, ಏರುಪೇರಾಗಿದ್ದರೆ ಡಿ ಅಂತ ಏನೇನೋ. ಮೇಲಿನ ನಮೂನೆಗೆ ಹಾಕಿ ನೋಡಿ. ಸೀದಾ ಡಿಗೆ ಹೋಗಿ ಬೀಳುತ್ತೀರಿ. ಪ್ರಶ್ನೆ ಬರೆಯುವವರಿಗೂ ಆ ಪದ್ಯ ಗೊತ್ತು ಸ್ವಾಮಿ.

ಊಹೆ ಮಾಡಿದರೆ ನೆಗೆಟಿವ್ ಮಾರ್ಕ್ ಇದೆಯಾ?

ಇಲ್ಲ. ಕಣ್ಣು ಮುಚ್ಚಿ ಗೋಲಿ ತುಂಬಿದರೂ 15ರಲ್ಲಿ ಸರಾಸರಿ ನಾಲ್ಕರ ಹತ್ತಿರ ಸರಿಯಾಗುತ್ತವೆ, 37.5ಕ್ಕೆ 9ರಷ್ಟು ಅಂಕ ಪುಕ್ಕಟೆ. ಯಾರೂ ಖಾಲಿ ಬಿಡುವುದಿಲ್ಲ.

‘ಏಳರಲ್ಲಿ ಐದು’ ಅಂದರೇನು?

ಒಂದು ಲೇಖನದಿಂದ ಐದು ವಾಕ್ಯ ಕಿತ್ತು ಹಾಕುತ್ತಾರೆ. ಕೆಳಗೆ ಏಳು ವಾಕ್ಯ ಕೊಡುತ್ತಾರೆ. ಐದು ಅಸಲಿ, ಎರಡು ನಕಲಿ. ಯಾವುದು ಎಲ್ಲಿಗೆ ಅಂತ ಕೂಡಿಸಬೇಕು.

ನನ್ನ ಲೆಕ್ಕದಲ್ಲಿ ಇಡೀ ಪತ್ರಿಕೆಯಲ್ಲಿ ಓದನ್ನು ಪ್ರಾಮಾಣಿಕವಾಗಿ ಅಳೆಯುವ ಭಾಗ ಇದು. ಇಲ್ಲಿ ಪದ ಗೊತ್ತಿದ್ದರೆ ಸಾಲದು. ‘ಆದರೂ’ ಅಂತ ಶುರುವಾಗುವ ವಾಕ್ಯದ ಹಿಂದೆ ಏನಿರಬೇಕು, ‘ಇದರಿಂದ’ ಅಂದರೆ ಯಾವುದರಿಂದ, ‘ಅವರು’ ಅಂದರೆ ಯಾರು, ಇದನ್ನೆಲ್ಲ ಹಿಡಿಯಬೇಕು. ಬಿಚ್ಚಿಟ್ಟ ಮಿಕ್ಸಿಯನ್ನು ಮತ್ತೆ ಜೋಡಿಸಿದ ಹಾಗೆ. ಯಾವ ತಿರುಪು ಎಲ್ಲಿಗೆ ಅಂತ ಗೊತ್ತಾಗೋದು ಪಕ್ಕದ ತೂತನ್ನು ನೋಡಿದಾಗಲೇ. ಒಂದು ಅಪಾಯವೂ ಇದೆ. ಒಂದು ತಪ್ಪಾದರೆ ಇನ್ನೊಂದರ ಜಾಗವನ್ನು ಅದು ತಿಂದುಹಾಕಬಹುದು, ಆಗ ಐದು ಅಂಕ ಒಟ್ಟಿಗೆ ಹೋಗುತ್ತದೆ.

ಎಷ್ಟು ಇಂಗ್ಲಿಷ್ ಪದ ಗೊತ್ತಿರಬೇಕು?

2017ರ ಹೈಸ್ಕೂಲ್ ಪಠ್ಯಕ್ರಮದ ಪದಪಟ್ಟಿಯಲ್ಲಿ 3000 ಪದಗಳಿವೆ. ಆದರೆ ಅಲ್ಲಿನ ಮಕ್ಕಳ ಬಾಯಲ್ಲಿ ಇವತ್ತಿಗೂ ಓಡಾಡೋದು ‘3500’. ಆ ಹೆಸರಿನಲ್ಲೇ ಪದಪಟ್ಟಿಗಳು ಮಾರಾಟವಾಗುತ್ತವೆ. ಪಟ್ಟಿಯಲ್ಲಿಲ್ಲದ ಪದ ಗದ್ಯದಲ್ಲಿ ಬಂದರೆ ಪಕ್ಕದಲ್ಲೇ ಕಂಸದಲ್ಲಿ ಚೀನೀ ಅರ್ಥ ಅಚ್ಚು ಹಾಕುತ್ತಾರೆ. ಬೇಕಂತಲೇ ಅರ್ಥ ಕೇಳಲು ಬಿಟ್ಟಿದ್ದರೆ ಮಾತ್ರ ಹಾಕುವುದಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಯಾರ ಸಹಾಯವೂ ಇಲ್ಲದೆ ಓದಿ ಅರ್ಥವಾಗಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು ಅಂತ ಹು ಮತ್ತು ನೇಷನ್ ಅನ್ನುವ ಭಾಷಾ ಸಂಶೋಧಕರು 2000ದಲ್ಲಿ ತೋರಿಸಿದರು. ಅದಕ್ಕೂ ಮೊದಲು ಲೌಫರ್ ಅನ್ನುವ ಇನ್ನೊಬ್ಬ ಸಂಶೋಧಕಿ 95 ಸಾಕು ಅಂದಿದ್ದರು. ಕೇಳಲು ದೊಡ್ಡ ವ್ಯತ್ಯಾಸ ಅನಿಸಲ್ಲ. 300 ಪದದ ಗದ್ಯದಲ್ಲಿ 98 ಅಂದರೆ ಗೊತ್ತಿಲ್ಲದ್ದು 6 ಪದ. 95 ಅಂದರೆ 15. ಆರು ಕಲ್ಲು ಸಿಕ್ಕಿದ ಅನ್ನ ಉಣ್ಣಬಹುದು. ಹದಿನೈದು ಸಿಕ್ಕರೆ ತಟ್ಟೆ ಪಕ್ಕಕ್ಕಿಡುತ್ತೀರಿ.

ಚೀನೀ ಮಕ್ಕಳಿಗೆ ಇಂಗ್ಲಿಷ್ ಓದು ಎಲ್ಲಿ ಕಷ್ಟ? ನಮ್ಮ ಮಕ್ಕಳಿಗೂ ಅಲ್ಲೇನಾ?

ಕೆಲವು ಕಡೆ ಅವರಿಗೆ ಜಾಸ್ತಿ ಕಷ್ಟ. ಒಂದು ಕಡೆ ಇಬ್ಬರಿಗೂ ಒಂದೇ ಗುಂಡಿ.

ಮೊದಲು ಪದ. ನಮ್ಮ ಹಳ್ಳಿಯ ಅಜ್ಜಿಗೂ ಬಸ್ಸು, ಟಿಕೆಟ್ಟು, ಡಾಕ್ಟ್ರು, ಫೋನು, ಕರೆಂಟು ಗೊತ್ತು. ಶಾಲೆಗೆ ಕಾಲಿಡುವ ಮೊದಲೇ ಮಗುವಿನ ಕಿವಿಗೆ ನೂರಾರು ಇಂಗ್ಲಿಷ್ ಪದ ಬಿದ್ದಿರುತ್ತವೆ. ಚೀನೀ ಭಾಷೆ ಹಾಗೆ ಸಾಲ ತರುವುದು ಕಡಿಮೆ, ಸ್ವಂತ ಪದ ಕಟ್ಟಿಕೊಳ್ಳುತ್ತದೆ. ಕಂಪ್ಯೂಟರ್ ಅಂದರೆ ‘ದಿಯಾನ್‌ನಾವ್’, ವಿದ್ಯುತ್ ಮಿದುಳು. ಫೋನ್ ‘ದಿಯಾನ್‌ಹ್ವಾ’, ವಿದ್ಯುತ್ ಮಾತು. ರೈಲು ‘ಹುವೊಛೆ’, ಬೆಂಕಿ ಗಾಡಿ. ಚೆಂದವಾಗಿದೆ. ಆದರೆ ಇಂಗ್ಲಿಷ್ ಗದ್ಯ ಎದುರಿಗೆ ಬಂದಾಗ ಆ ಮಗುವಿಗೆ ನೆಂಟರು ಯಾರೂ ಸಿಗುವುದಿಲ್ಲ. ಪ್ರತಿ ಪದವೂ ಅಪರಿಚಿತ. ಅಲ್ಲಿ ಸರ್ಕಾರಿ ಲೆಕ್ಕದಲ್ಲಿ ಇಂಗ್ಲಿಷ್ ಶುರುವಾಗೋದು ಮೂರನೇ ತರಗತಿಯಿಂದ, ಅದೂ 2001ರ ನಂತರ.

ಎರಡನೆಯದು ಕಾಲ, ವಚನ. ಚೀನೀ ಭಾಷೆಯ ಕ್ರಿಯಾಪದ ನಮ್ಮದರ ಹಾಗೆ ರೂಪ ಬದಲಿಸುವುದಿಲ್ಲ. ‘ಹೋದ, ಹೋಗುತ್ತಾನೆ, ಹೋಗುತ್ತಿದ್ದ’ ಎಲ್ಲದಕ್ಕೂ ಒಂದೇ ಪದ, ‘ನಿನ್ನೆ’, ‘ನಾಳೆ’, ‘ಆಯ್ತು’ ಅನ್ನುವಂಥ ಸಣ್ಣ ಪದಗಳು ಕಾಲ ತಿಳಿಸುತ್ತವೆ. ಹಾಗಾಗಿ ಒಂದು ಘಟನೆ ಇನ್ನೊಂದಕ್ಕಿಂತ ಮೊದಲು ಆಗಿತ್ತು ಅಂತ ಬರೀ ಕ್ರಿಯಾಪದದ ರೂಪದಲ್ಲಿ ಹೇಳುವ ಇಂಗ್ಲಿಷ್ ವಾಕ್ಯ ಅವರ ಕಣ್ಣಿಂದ ಜಾರುತ್ತದೆ. ಇಲ್ಲಿ ನಮ್ಮ ಮಕ್ಕಳು ಸ್ವಲ್ಪ ಬಚಾವ್.

ಈಗ ಇಬ್ಬರೂ ಬೀಳುವ ಗುಂಡಿ. ‘ನಿನ್ನೆ ಸಂತೆಯಲ್ಲಿ ಮಾವಿನಹಣ್ಣು ಮಾರುತ್ತಿದ್ದ ಅಜ್ಜಿ’ ಅನ್ನುತ್ತೇವೆ. ವಿವರ ಎಲ್ಲ ಮೊದಲು, ಅಜ್ಜಿ ಕೊನೆಗೆ. ಚೀನೀ ಭಾಷೆಯಲ್ಲೂ ಇದೇ ಸರದಿ: ನಿನ್ನೆ, ಸಂತೆ, ಮಾರುವ, ಆಮೇಲೆ ಅಜ್ಜಿ. ಇಂಗ್ಲಿಷ್ ಅಜ್ಜಿಯನ್ನು ಮೊದಲು ತಂದು ನಿಲ್ಲಿಸುತ್ತದೆ. ಆಮೇಲೆ ಅವಳು ಏನು ಮಾರುತ್ತಿದ್ದಳು, ಎಲ್ಲಿ, ಯಾವಾಗ ಅಂತ ಹೇಳಿ ಮುಗಿಸಿ, ಅಷ್ಟೆಲ್ಲ ಆದ ಮೇಲೆ ಅವಳು ಮಾಡಿದ ಮುಖ್ಯ ಕೆಲಸಕ್ಕೆ ಬರುತ್ತದೆ. ಡಿ ಗದ್ಯದ ಮೂವತ್ತು ಪದದ ವಾಕ್ಯದಲ್ಲಿ ಆ ಮುಖ್ಯ ಕೆಲಸ ಸಿಗುವಷ್ಟರಲ್ಲಿ ಅಜ್ಜಿ ಯಾರು ಅನ್ನೋದೇ ಮರೆತಿರುತ್ತದೆ. ನನ್ನ ಮಕ್ಕಳಿಗೆ ನಾನು ಹೇಳುವ ಉಪಾಯ ಒಂದೇ. ನಡುವಿನ ವಿವರವನ್ನು ಪೆನ್ಸಿಲ್ಲಿನಿಂದ ಕಂಸದೊಳಗೆ ಹಾಕಿ ಪಕ್ಕಕ್ಕಿಡು, ಉಳಿದ ನಾಲ್ಕೈದು ಪದ ಓದು. ಗಣಿತದ ಲೆಕ್ಕ ಬಿಡಿಸಿದ ಹಾಗೆ.

ಹಾಗಾದರೆ ಅವರಿಗೆ ಬಾರದಿರೋದು ಓದೋ, ಇಂಗ್ಲಿಷೋ?

ಒಳ್ಳೆಯ ಪ್ರಶ್ನೆ. ಪರೀಕ್ಷೆ ಮಾಡುವವರು ನಲವತ್ತು ವರ್ಷದಿಂದ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ಹಲವು ದೇಶಗಳ 15 ವರ್ಷದ ಮಕ್ಕಳನ್ನು ಹೋಲಿಸಿ ನೋಡುವ ಪೀಸಾ ಪರೀಕ್ಷೆಯಲ್ಲಿ, 2018ರಲ್ಲಿ, ಬೀಜಿಂಗ್, ಶಾಂಘೈ, ಜಿಯಾಂಗ್ಸು, ಝೆಜಿಯಾಂಗ್ ಸೇರಿ 555 ಅಂಕದೊಂದಿಗೆ ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದವು. ಅದು ಅವರದೇ ಭಾಷೆಯಲ್ಲಿ ನಡೆದದ್ದು. ನಾಲ್ಕೂ ಅನುಕೂಲಸ್ಥ ಜಾಗಗಳು, ಇಡೀ ಚೀನಾ ಅಲ್ಲ ಅನ್ನೋದನ್ನು ಮರೆಯಬಾರದು. ಆದರೂ ಸ್ವಂತ ಭಾಷೆಯಲ್ಲಿ ಅಷ್ಟು ಚೆನ್ನಾಗಿ ಓದುವ ಮಗು ಇಂಗ್ಲಿಷ್ ಗದ್ಯದ ಮುಂದೆ ತಡವರಿಸಿದರೆ ಅದು ಓದಿನ ತೊಂದರೆ ಅಲ್ಲ. ಇಂಗ್ಲಿಷಿನ ಪದ ಮತ್ತು ವಾಕ್ಯದ ಜ್ಞಾನ ಒಂದು ಮಟ್ಟ ಮುಟ್ಟುವವರೆಗೆ ಓದುವ ಜಾಣತನ ಕೈಕಟ್ಟಿ ಕೂತಿರುತ್ತದೆ. ಆ ಮಟ್ಟ ದಾಟಿದ ಮೇಲೆ ಕೆಲಸಕ್ಕೆ ಬರುತ್ತದೆ.

ನಮ್ಮಲ್ಲಿ ಇದು ಎಷ್ಟೋ ಸಲ ತಲೆಕೆಳಗಾಗಿದೆ. ಇಂಗ್ಲಿಷ್ ಮೀಡಿಯಂ ಮಗು ಸಾಲನ್ನು ಪಟಪಟ ಓದುತ್ತದೆ. ಏನು ಓದಿದೆ ಅಂತ ಕನ್ನಡದಲ್ಲಿ ಕೇಳಿದರೂ ಹೇಳಲು ಬರುವುದಿಲ್ಲ.

ಎಲ್ಲ ಗೋಲಿ ತುಂಬೋ ಪ್ರಶ್ನೆ ಯಾಕೆ? ಬರೆಸಬಾರದಾ?

1 ಕೋಟಿ 34 ಲಕ್ಷ ಅಂದೆನಲ್ಲ, ಅದಕ್ಕೆ. ಒಂದೊಂದು ಉತ್ತರವನ್ನೂ ಮನುಷ್ಯರು ಓದಿ ಅಂಕ ಹಾಕಿದರೆ ಒಬ್ಬ ಮೇಷ್ಟ್ರು ಧಾರಾಳಿ, ಇನ್ನೊಬ್ಬರು ಜಿಪುಣ. ಆ ವ್ಯತ್ಯಾಸದಲ್ಲಿ ಒಂದು ಹಳ್ಳಿ ಹುಡುಗನ ಸೀಟು ಹೋಗಬಹುದು. ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ. 2ಬಿ ಪೆನ್ಸಿಲ್ಲಿನಲ್ಲಿ ತುಂಬಿದ ಗೋಲಿ ಮೇಯರ್ ಮಗನದ್ದೂ ಒಂದೇ, ಮೇಸ್ತ್ರಿ ಮಗನದ್ದೂ ಒಂದೇ.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಸಾಂಸ್ಕೃತಿಕ ಕ್ರಾಂತಿಯ ಹೊತ್ತಲ್ಲಿ, 1966ರಲ್ಲಿ, ಗಾವೊಕಾವೊ ನಿಂತುಹೋಗಿತ್ತು. ಮತ್ತೆ ಶುರುವಾಗಿದ್ದು 1977ರ ಚಳಿಗಾಲದಲ್ಲಿ. ಸುಮಾರು 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು 2 ಲಕ್ಷ 70 ಸಾವಿರದಷ್ಟು ಜನರಿಗೆ. ಆಗ ಇಂಗ್ಲಿಷಿಗೆ ಅಂಥ ಬೆಲೆ ಇರಲಿಲ್ಲ. ಸ್ವಲ್ಪ ಸ್ವಲ್ಪವೇ ಏರಿಸಿ 1983ಕ್ಕೆ ಪೂರ್ತಿ ಅಂಕ ಸೇರಿಸಿಕೊಂಡರು. 1985ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇಂಗ್ಲಿಷ್ ಮತ್ತು ಗಣಿತಕ್ಕೆ ಹೊಸ ಅಚ್ಚಿನ, ವಸ್ತುನಿಷ್ಠ ಪರೀಕ್ಷೆಯನ್ನು ಪ್ರಯೋಗ ಮಾಡಿ ನೋಡಿದರು. ಭಾಷಾ ಪರೀಕ್ಷೆಯ ಕಡೆಯಿಂದ ಅದಕ್ಕೆ ದಾರಿ ಹಾಕಿಕೊಟ್ಟವರು ಗುವಾಂಗ್‌ಝೌದ ಪ್ರಾಧ್ಯಾಪಕ ಗುಯ್ ಶಿಚುನ್. ಇವತ್ತಿನ ಎ ಬಿ ಸಿ ಡಿ ಅಲ್ಲಿಂದ ಬಂದದ್ದು.

ಪತ್ರಿಕೆ ಒಂದು ವರ್ಷ ಕಷ್ಟ, ಇನ್ನೊಂದು ವರ್ಷ ಸುಲಭ ಆದರೆ?

ಆಗುತ್ತದೆ. ಪ್ರಶ್ನೆ ಬರೆಯುವವರನ್ನು ಹೊರಗಿನ ಸಂಪರ್ಕ ಇಲ್ಲದೆ ಒಂದೆಡೆ ಕೂರಿಸಿ ಬರೆಸುತ್ತಾರೆ. ಅಷ್ಟು ಗುಟ್ಟಿನ ಪತ್ರಿಕೆಯನ್ನು ಮೊದಲೇ ಮಕ್ಕಳ ಮೇಲೆ ಪ್ರಯೋಗಿಸಿ ಎಷ್ಟು ಕಷ್ಟ ಅಂತ ನೋಡಲಾಗುವುದಿಲ್ಲ. ಅಂದಾಜಿನಲ್ಲೇ ನಡೆಯಬೇಕು.

ಅಂದಾಜು ತಪ್ಪಿದ ದೊಡ್ಡ ಪ್ರಕರಣ ಝೆಜಿಯಾಂಗ್ ಪ್ರಾಂತ್ಯದ್ದು. ಅಲ್ಲಿ ಇಂಗ್ಲಿಷನ್ನು ವರ್ಷಕ್ಕೆ ಎರಡು ಸಲ ಬರೆದು ಹೆಚ್ಚು ಬಂದ ಅಂಕ ಇಟ್ಟುಕೊಳ್ಳಬಹುದು. ಒಳ್ಳೆಯ ಯೋಜನೆ. ಆದರೆ 2018ರ ನವೆಂಬರ್ ಪತ್ರಿಕೆ ಹಿಂದಿನ ವರ್ಷದ್ದಕ್ಕಿಂತ ಕಷ್ಟ ಬಂತು. ಸರಿದೂಗಿಸಲು ಅಧಿಕಾರಿಗಳು ಓದಿನ ಭಾಗ ಮತ್ತು ಭಾಷಾ ಬಳಕೆಯ ಭಾಗದ ಕೆಲವು ಕಷ್ಟದ ಪ್ರಶ್ನೆಗಳಿಗೆ ಹೆಚ್ಚು ತೂಕ ಕೊಟ್ಟು ಅಂಕ ಲೆಕ್ಕ ಹಾಕಿದರು. ಫಲಿತಾಂಶ ಬಂದಾಗ ಗಲಾಟೆ. ಯಾವ ಪ್ರಶ್ನೆ ತಪ್ಪಾಯಿತು ಅನ್ನೋದರ ಮೇಲೆ ನಿಮ್ಮ ಅಂಕ ಪಕ್ಕದವನಿಗಿಂತ ಕೆಳಗೆ ಹೋಗಬಹುದಿತ್ತು, ಇಬ್ಬರೂ ಅಷ್ಟೇ ಸರಿ ಬರೆದಿದ್ದರೂ. ತನಿಖೆ ನಡೆಯಿತು. ಡಿಸೆಂಬರ್ 5ಕ್ಕೆ ಆ ತೂಕವನ್ನು ರದ್ದು ಮಾಡಿ ಮೂಲ ಅಂಕ ಮರಳಿಸಿದರು. ಅಧಿಕಾರಿಗಳ ಮೇಲೆ ಕ್ರಮವೂ ಆಯಿತು.

ಉದ್ದೇಶ ಕೆಟ್ಟದಿರಲಿಲ್ಲ. ಆಟ ಮುಗಿದ ಮೇಲೆ ನಿಯಮ ಬದಲಿಸಿದ್ದೇ ತಪ್ಪು. ನಮ್ಮಲ್ಲೂ ಗ್ರೇಸ್ ಮಾರ್ಕ್ಸ್ ಅಂದ ಕೂಡಲೇ ಜನ ಕೋರ್ಟಿಗೆ ಹೋಗುತ್ತಾರಲ್ಲ, ಅದೇ ಸಂಕಟ.

ಬರೆದ ಲೇಖಕನಿಗೇ ಉತ್ತರ ಗೊತ್ತಿರಲಿಲ್ಲ ಅನ್ನುವ ಕತೆ ನಿಜವಾ?

ನಿಜ. ಆದರೆ ಅದು ಇಂಗ್ಲಿಷ್ ಪತ್ರಿಕೆ ಅಲ್ಲ, ಚೀನೀ ಭಾಷೆಯ ಪತ್ರಿಕೆ. 2017ರಲ್ಲಿ ಝೆಜಿಯಾಂಗಿನಲ್ಲಿ ಒಂದು ಸಣ್ಣಕತೆ ಕೊಟ್ಟಿದ್ದರು. ಕೊನೆಗೆ ಮೀನಿನ ಕಣ್ಣಲ್ಲಿ ವಿಚಿತ್ರ ಹೊಳಪು ಅಂತ ಬರುತ್ತದೆ. ಅದರ ಅರ್ಥವೇನು ಅಂತ ಕೇಳಿದರು. ಸಿಟ್ಟಾದ ಮಕ್ಕಳು ಲೇಖಕನನ್ನೇ ಹುಡುಕಿ ಕೇಳಿದರೆ, ‘ನನಗೂ ಗೊತ್ತಿಲ್ಲ’ ಅಂದುಬಿಟ್ಟ. ಇಂಗ್ಲಿಷ್ ಪತ್ರಿಕೆಯಲ್ಲಿ ಹೀಗಾಗೋದು ಕಡಿಮೆ, ಯಾಕೆಂದರೆ ಅಲ್ಲಿ ಕವಿತೆಯಂಥ ಸಾಲು ಬಂದರೆ ಮೊದಲೇ ಕತ್ತರಿಸಿ ಹಾಕಿರುತ್ತಾರೆ. ಎರಡು ಅರ್ಥ ಬರುವ ಸಾಲು ಗೋಲಿಗೆ ಒಗ್ಗುವುದಿಲ್ಲ.

ಇದು ಸಣ್ಣ ನಷ್ಟವಲ್ಲ. ವ್ಯಂಗ್ಯ, ಅನುಮಾನ, ಹೇಳಿಯೂ ಹೇಳದ ಮಾತು, ಓದಿನ ಸುಖ ಇರೋದೇ ಅಲ್ಲಿ. ಪರೀಕ್ಷೆಯ ಕತ್ತರಿ ಮೊದಲು ಬೀಳುವುದೂ ಅಲ್ಲೇ.

ಶಾಲೆಯಲ್ಲಿ ಹೇಗೆ ತಯಾರಿ ಮಾಡುತ್ತಾರೆ?

‘ಶುವಾ ತಿ’ ಅನ್ನುವ ಮಾತಿದೆ. ಶುವಾ ಅಂದರೆ ಬ್ರಷ್ಷಿನಲ್ಲಿ ಉಜ್ಜುವುದು, ತಿ ಅಂದರೆ ಪ್ರಶ್ನೆ. ಪಾತ್ರೆ ಉಜ್ಜಿದ ಹಾಗೆ ಒಂದಾದ ಮೇಲೊಂದು ಪ್ರಶ್ನೆಪತ್ರಿಕೆ ಉಜ್ಜಿ ಹಾಕೋದು. ಹೈಸ್ಕೂಲಿನ ಕೊನೆಯ ವರ್ಷ ಹೆಚ್ಚುಕಡಿಮೆ ಇದೇ. ಮೊದಲು ಪ್ರಶ್ನೆ ಓದು, ಆಮೇಲೆ ಗದ್ಯ. ಪ್ರತಿ ಪ್ಯಾರಾದ ಮೊದಲ ವಾಕ್ಯ ನೋಡು. ‘ಆದರೆ’ ಕಂಡರೆ ಅಡಿಗೆರೆ ಹಾಕು. ಇವುಗಳಲ್ಲಿ ತಪ್ಪೇನಿಲ್ಲ, ನಾನೂ ಹೇಳಿಕೊಡುತ್ತೇನೆ. ತೊಂದರೆ ಆಗೋದು ಇಷ್ಟೇ ಓದು ಅಂತ ಮಗು ನಂಬಿದಾಗ.

ಚೆನ್ನಾಗಿ ಅಂಕ ತೆಗೆದವರು ಇಂಗ್ಲಿಷ್ ಪುಸ್ತಕ ಓದುತ್ತಾರಾ?

ಕೆಲವರು ಓದುತ್ತಾರೆ. ಆದರೆ 300 ಪದದ ಗದ್ಯವನ್ನು ಏಳೆಂಟು ನಿಮಿಷದಲ್ಲಿ ಸೀಳಿ ಹಾಕೋದು ಒಂದು ಕೆಲಸ, 300 ಪುಟದ ಪುಸ್ತಕದ ಜೊತೆ ಒಂದು ತಿಂಗಳು ಇರೋದು ಇನ್ನೊಂದು. ನೂರು ಮೀಟರ್ ಓಟದ ಅಭ್ಯಾಸದಿಂದ ಚಾಮುಂಡಿ ಬೆಟ್ಟ ಹತ್ತಲು ಆಗಲ್ಲ ಅಂತಲ್ಲ, ಆದರೆ ಮೊದಲ ಇನ್ನೂರು ಮೆಟ್ಟಿಲಲ್ಲೇ ಏದುಸಿರು ಬರುತ್ತದೆ.

ಅಲ್ಲಿನವರಿಗೂ ಇದು ಗೊತ್ತಿದೆ. 2016ರ ಅಕ್ಟೋಬರಿನಲ್ಲಿ ಝೆಜಿಯಾಂಗ್ ಒಂದು ಹೊಸ ಬಗೆ ತಂದಿತು. ಸುಮಾರು 350 ಪದದ ಕತೆ ಕೊಟ್ಟು ನಡುವೆ ನಿಲ್ಲಿಸುತ್ತಾರೆ. ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯ ಮಾತ್ರ ಕೊಟ್ಟು ಉಳಿದದ್ದನ್ನು ಬರಿ ಅನ್ನುತ್ತಾರೆ. ಈಗ ಹೊಸ ಮಾದರಿಯ ಪತ್ರಿಕೆಗಳಲ್ಲಿ ಅದಕ್ಕೆ 25 ಅಂಕ. ಬರವಣಿಗೆಯ ಲೆಕ್ಕದಲ್ಲಿದ್ದರೂ ಇದು ಹಿಂಬಾಗಿಲಿನಿಂದ ಬಂದ ಓದಿನ ಪರೀಕ್ಷೆ. ಕತೆಯ ಅಜ್ಜ ಯಾಕೆ ಮುನಿಸಿಕೊಂಡಿದ್ದಾನೆ ಅಂತ ಗೊತ್ತಾಗದಿದ್ದರೆ ಮುಂದೆ ಅವನ ಬಾಯಲ್ಲಿ ಏನು ಹೇಳಿಸುತ್ತೀರಿ? ಇಲ್ಲಿ ಗೋಲಿ ಇಲ್ಲ. ಹಾಗಾಗಿ ಅಂಕ ಹಾಕುವವರ ಧಾರಾಳತನ, ಜಿಪುಣತನ ಮತ್ತೆ ಒಳಗೆ ಬಂದವು. ಒಂದು ಕೊಟ್ಟು ಒಂದು ತೆಗೆದುಕೊಂಡರು.

ಇಂಗ್ಲಿಷ್ ಬದಲು ಬೇರೆ ಭಾಷೆ ತೆಗೆದುಕೊಳ್ಳಬಹುದಾ?

ಹೌದು. ಜಪಾನೀ, ರಷ್ಯನ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಇವೆ. ಜಪಾನೀ ಬರಹದಲ್ಲಿ ಚೀನೀ ಅಕ್ಷರಗಳೇ ಎಷ್ಟೋ ಇರೋದರಿಂದ ಇಂಗ್ಲಿಷಿನಲ್ಲಿ ಹಿಂದೆ ಬಿದ್ದ ಮಕ್ಕಳು ಅತ್ತ ಹೊರಳುವುದುಂಟು.

ಇಂಗ್ಲಿಷಿನ ಅಂಕ ಇಳಿಸುತ್ತಾರೆ ಅಂತ ಸುದ್ದಿ ಇತ್ತಲ್ಲ?

2013ರಲ್ಲಿ ಬೀಜಿಂಗ್ 150ರಿಂದ 100ಕ್ಕೆ ಇಳಿಸುವ ಯೋಚನೆ ಮುಂದಿಟ್ಟಿತ್ತು. ಜಾರಿಗೆ ಬರಲಿಲ್ಲ. ಈಗಲೂ 150.

ನಾನೂ ಟೀಚರ್. ಆ ಪತ್ರಿಕೆಗಳನ್ನು ನಮ್ಮ ಮಕ್ಕಳಿಗೆ ಕೊಡಬಹುದಾ?

ಧಾರಾಳವಾಗಿ. ಪರೀಕ್ಷೆ ಮುಗಿದ ಮೇಲೆ ಪತ್ರಿಕೆ, ಉತ್ತರ ಎರಡೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ನಮ್ಮ ಸಿಇಟಿಯಲ್ಲಿ ಇಂಗ್ಲಿಷ್ ಇಲ್ಲ, ಹಾಗಾಗಿ ಪಿಯು ಮಕ್ಕಳು ಪಠ್ಯದಲ್ಲಿಲ್ಲದ ಗದ್ಯವನ್ನು ಗಂಭೀರವಾಗಿ ಓದುವ ಸಂದರ್ಭವೇ ಕಡಿಮೆ. ಎ ಗದ್ಯದಿಂದ ಶುರು ಮಾಡಿ. ಡಿ ಮೊದಲೇ ಕೊಟ್ಟರೆ ಹೆದರಿ ಓಡುತ್ತಾರೆ.

ಇಡೀ ಪತ್ರಿಕೆ ಕೊಟ್ಟು ಅಂಕ ಹಾಕಿ ಮುಗಿಸಬೇಡಿ, ಅದು ಸುಮ್ನೆ ಕಾಗದ ದಂಡ. ನಾನು ಮಾಡೋದು ಹೀಗೆ. ಮೊದಲ ದಿನ ಗದ್ಯ ಕೊಡುವುದಿಲ್ಲ, ಪ್ರಶ್ನೆ ಮತ್ತು ಆಯ್ಕೆ ಮಾತ್ರ. ಗದ್ಯ ಓದದೆಯೇ ಎಷ್ಟು ಸರಿ ಊಹಿಸುತ್ತಾರೆ ನೋಡಿ. ತರಗತಿಯಲ್ಲಿ ಮುಕ್ಕಾಲು ಜನ ಸರಿ ಊಹಿಸಿದರೆ ಆ ಪ್ರಶ್ನೆ ಓದನ್ನು ಅಳೆಯುತ್ತಿಲ್ಲ, ಲೋಕಜ್ಞಾನವನ್ನು ಅಳೆಯುತ್ತಿದೆ. ಅದನ್ನು ಹೊಡೆದು ಹಾಕಿ. ಎರಡನೇ ದಿನ ಗದ್ಯ ಕೊಡಿ. ಉತ್ತರದ ಪಕ್ಕದಲ್ಲಿ ಗದ್ಯದ ಯಾವ ಸಾಲಿನಿಂದ ಬಂತು ಅಂತ ಸಾಲಿನ ಸಂಖ್ಯೆ ಬರೆಸಿ. ಉತ್ತರ ಸರಿ ಇದ್ದು ಸಾಲು ತಪ್ಪಿದ್ದರೆ ಅಂಕ ಇಲ್ಲ ಅನ್ನಿ. ಒಂದಷ್ಟು ಗೊಣಗುತ್ತಾರೆ.

ಮೂರನೇ ದಿನ ಮಕ್ಕಳಿಂದಲೇ ತಪ್ಪು ಆಯ್ಕೆ ಬರೆಸಿ. ಒಂದು ಗದ್ಯ, ಒಂದು ಪ್ರಶ್ನೆ, ಸರಿ ಉತ್ತರ ನೀವೇ ಕೊಡಿ. ಪಕ್ಕದ ಬೆಂಚಿನವರು ಬೀಳುವಂಥ ಮೂರು ತಪ್ಪು ಉತ್ತರ ಬರೆಯಬೇಕು, ಆದರೆ ತಪ್ಪು ಅಂತ ಗದ್ಯದಿಂದಲೇ ತೋರಿಸಲೂ ಬರಬೇಕು. ಆ ದಿನ ನನ್ನ ತರಗತಿಯಲ್ಲಿ ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ. ಗ್ರಂಥಪಾಲಕಿಯ ಪ್ರಶ್ನೆಗೆ ಡಿ ಬರೆದಿದ್ದಳಲ್ಲ ಆ ಹುಡುಗಿ, ಮೊನ್ನೆ ಅವಳು ಬರೆದ ತಪ್ಪು ಆಯ್ಕೆಗೆ ಹದಿನೊಂದು ಜನ ಬಿದ್ದರು. ನಾನೂ ಅರ್ಧ ನಿಮಿಷ ಯೋಚಿಸಿದೆ.